ಚಿಟ್ಟೆ ಮುಟ್ಟಿದ ತುಂಬೆ

ನಮ್ಮ ಮನೆಯ ದೇವರಿಗೆ ಹೂವು ಏರಿಸುತ್ತಿರಲಿಲ್ಲ. ಇದು ಬೇರೆಯವರ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆಂದು ನನಗೆ ತಿಳಿದದ್ದು ತಡವಾಗಿ. ಮಕ್ಕಳಿಗೆ ತಮ್ಮ ಮನೆಯಲ್ಲಿ ನಡೆಯುವುದೇ ನಾರ್ಮಲ್. ಪಡಸಾಲೆಯ ಗೋಡೆಯ ಗೂಡಿನಲ್ಲಿ ಅಂಗೈಯಷ್ಟು ಕರಿಕಲ್ಲಿನ ಈಶ್ವರ ಇದ್ದ. ಅಜ್ಜಿ, ಅಂದರೆ ಅಪ್ಪನ ತಾಯಿ, ಬೆಳಿಗ್ಗೆ ಅವನಿಗೆ ನೀರು ಹಾಕಿ, ವಿಭೂತಿ ಹಚ್ಚಿ, ಪಕ್ಕದ ಹಿತ್ತಾಳೆ ಬಟ್ಟಲಿನಿಂದ ಅಕ್ಕಿ ತೆಗೆದು ನೆತ್ತಿಯ ಮೇಲೆ ಒಂದೊಂದೇ ಕಾಳು ಇಡುತ್ತಿದ್ದಳು. ಸುರಿಯುತ್ತಿರಲಿಲ್ಲ, ಇಡುತ್ತಿದ್ದಳು. ಕೆಲವು ದಿನ ಹಿಡಿ ತುಂಬ ಅಕ್ಕಿ, ಕೆಲವು ದಿನ ಬೆರಳೆಣಿಕೆಯ ಕಾಳು. ಮಾರನೆಯ ದಿನ ಆ ಅಕ್ಕಿಯನ್ನು ಬಳಿದು ಗೂಡಿನ ಕೆಳಗಿದ್ದ ಮಣ್ಣಿನ ಗಡಿಗೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಬಿಡುತ್ತಿದ್ದಳು. ಆ ಗಡಿಗೆಯ ಅಕ್ಕಿ ಎಂದೂ ಒಲೆಗೆ ಏರಲಿಲ್ಲ. ಹಬ್ಬಕ್ಕೂ ಇಲ್ಲ, ನೆಂಟರು ಬಂದಾಗಲೂ ಇಲ್ಲ. ನೆರೆಮನೆಯ ಮಂಜಕ್ಕ ಮಜ್ಜಿಗೆಗೆಂದು ಬಂದಾಗಲೆಲ್ಲ ಗೂಡಿನ ಕಡೆ ಕಣ್ಣು ಹಾಯಿಸಿ, ಒಂದು ಮಾತು ಎಸೆದೇ ಹೋಗುತ್ತಿದ್ದಳು.

"ಎಂತ ಅತ್ತೆ, ನಿಮ್ಮನೆ ಈಶ್ವರ ಅಕ್ಕಿಕಾಳಲ್ಲೇ ಕಾಲ ಹಾಕ್ತಾನಲ್ಲ! ಊರಲ್ಲಿ ಹೂವಿಗೆ ಬರವಾ?"

"ಅವನೇ ನನ್ನ ಕೇಳ್ಲಿಲ್ಲ, ನೀ ಎಂತಕ್ಕೆ ಕೇಳ್ತೀಯ? ಮಜ್ಜಿಗೆ ತಗೊಂಡು ಹೋಗು. ಪಾತ್ರೆ ತೊಳ್ದು ಕೊಡು, ನಿನ್ನೆ ಥರ ಅಲ್ಲ."

ನಮ್ಮ ಊರು ಸೊರಬದ ಕಡೆಯದು, ಕ್ಯಾಸನೂರಿಗೆ ದೂರವಲ್ಲ. ಮಂಗನ ಕಾಯಿಲೆ ಎಂಬ ಜ್ವರ ಆಗಿನ್ನೂ ಹೊಸದು. ಎಲ್ಲೋ ಕಾಡಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿದೆಯೆಂದರೆ ಊರು ಪಿಸುಮಾತಿಗೆ ಇಳಿಯುತ್ತಿತ್ತು. ಮಂಗನ ಮೈಮೇಲೆ ರಕ್ತ ಹೀರುವ ಉಣುಗು ತರಗೆಲೆಗೆ ಇಳಿಯುತ್ತದೆ, ತರಗೆಲೆಯಿಂದ ಮನುಷ್ಯರ ಕಾಲಿಗೆ ಹತ್ತುತ್ತದೆ, ಅಷ್ಟೇ. ನನ್ನ ಅವ್ವ ಆ ಜ್ವರದಲ್ಲಿ ಹೋದಳು. ನಾನು ಆಗ ತೊದಲು ಮಾತಿನ ಕೂಸು. ಅವಳ ಮುಖ ನನಗೆ ನೆನಪಿಲ್ಲ. ಅವಳು ಶಿಕಾರಿಪುರದ ಹೆಣ್ಣು, ನಮ್ಮ ಕಡೆಯವರು ಚಿಟ್ಟೆ ಎನ್ನುವುದನ್ನು ಅವಳು ಪಾತರಗಿತ್ತಿ ಎನ್ನುತ್ತಿದ್ದಳು ಎಂದು ಅಜ್ಜಿ ಒಮ್ಮೆ ಹೇಳಿದ್ದಳು. ಅವ್ವನಿಂದ ನನಗೆ ಬಂದ ಆಸ್ತಿ ಆ ಒಂದು ಪದ. ಅದನ್ನು ನಾನು ಯಾರೆದುರೂ ಆಡದೆ, ಒಬ್ಬಳೇ ಇದ್ದಾಗ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ.

ಸುಗ್ಗಿ ಮುಗಿದು ಗದ್ದೆ ಬಯಲಾದ ಮೇಲೆ ನಮ್ಮ ಮನೆ ಒಂದು ದ್ವೀಪವಾಗುತ್ತಿತ್ತು. ಅಪ್ಪ ಸುತ್ತಲಿನ ತರಗೆಲೆ ಗುಡಿಸಿ ಬೆಂಕಿ ಇಡುತ್ತಿದ್ದರು. ಹಸಿರೆಂದು ತಲೆ ಎತ್ತಿದ್ದನ್ನೆಲ್ಲ ಗುದ್ದಲಿಯಿಂದ ಕೆತ್ತುತ್ತಿದ್ದರು. ಆಮೇಲೆ ಗೋಡೆಯ ಬುಡದ ಸುತ್ತ ಗಮಾಕ್ಸಿನ್ ಎಂಬ ಹುಳ ಕೊಲ್ಲುವ ಪುಡಿಯನ್ನು ಬಿಳಿ ಗೆರೆಯಾಗಿ ಎಳೆಯುತ್ತಿದ್ದರು. ರಂಗೋಲಿ ಹಾಕುವ ಹೆಂಗಸರ ಕೈಯಲ್ಲೂ ಅಷ್ಟು ಶ್ರದ್ಧೆ ನಾನು ಕಂಡಿಲ್ಲ. ಆ ವಾಸನೆಗೆ ಇರುವೆ ಕೂಡ ಮನೆಯ ಹತ್ತಿರ ಸುಳಿಯುತ್ತಿರಲಿಲ್ಲ. ಗೆರೆಯ ಒಳಗೆ ನಾನು, ಹೊರಗೆ ಉಳಿದ ಮಕ್ಕಳು. ಅವರು ಬೇಲಿಯ ಆಚೆ ಲಗೋರಿ ಆಡುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಕರೆಯುವುದನ್ನು ಅವರು ಎಂದೋ ಬಿಟ್ಟಿದ್ದರು. ಊಟದ ಹೊತ್ತಿಗೂ ಮಾತಿರಲಿಲ್ಲ. ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದರು, ಅಜ್ಜಿ ಸಾರು ಬಡಿಸಿ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅವರಿಬ್ಬರ ನಡುವೆ ಏನೋ ಇತ್ತು. ಇಬ್ಬರೂ ಅದನ್ನು ದಾಟದೆ, ತಟ್ಟೆ ಲೋಟಗಳನ್ನು ಮಾತ್ರ ಆಚೀಚೆ ಸಾಗಿಸುತ್ತಿದ್ದರು. ಆದರೆ ದೀಪ ಹಚ್ಚಿದ ಮೇಲೆ ಒಂದು ಕೆಲಸವಿತ್ತು, ಅದಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಅಪ್ಪ ಪಡಸಾಲೆಯಲ್ಲಿ ಮಣೆ ಹಾಕಿ ಕೂತು, ಲಾಟೀನನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು.

"ಕಾಲು ಕೊಡು."

ನಾನು ಕಾಲು ಚಾಚುತ್ತಿದ್ದೆ. ಬೆರಳ ಸಂದಿ, ಹಿಮ್ಮಡಿ, ಮಂಡಿಯ ಹಿಂದಿನ ಮಡಿಕೆ, ಆಮೇಲೆ ಕುತ್ತಿಗೆ, ಕಿವಿಯ ಹಿಂದೆ. ಸಾಸಿವೆಗಿಂತ ಸಣ್ಣ ಉಣುಗನ್ನು ಹುಡುಕುವ ಆ ಒರಟು ಬೆರಳುಗಳು ಅಷ್ಟು ಹಗುರವಾಗಬಲ್ಲವೆಂದು ಬೇರೆ ಹೊತ್ತಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅಪ್ಪ ನನ್ನನ್ನು ಮುಟ್ಟುತ್ತಿದ್ದುದು ಆಗ ಮಾತ್ರ. ಮಳೆ ಶುರುವಾದರೆ ಉಣುಗಿನ ಭಯ ಮುಗಿಯುತ್ತಿತ್ತು, ಆ ತಪಾಸಣೆಯೂ ನಿಲ್ಲುತ್ತಿತ್ತು. ಹೀಗಾಗಿ ಊರೆಲ್ಲ ಮೊದಲ ಮಳೆಗೆ ಅಂಗಳಕ್ಕಿಳಿದಾಗ ನನಗೊಬ್ಬಳಿಗೆ ಬೇಸರ. ಫೂಲಿಶ್ ಅನ್ನಿ, ಇರಲಿ.

ಹಿತ್ತಿಲ ಬಾಗಿಲಿಗೆ ಆ ದಿನಗಳಲ್ಲಿ ಯಾವಾಗಲೂ ಅಗುಳಿ. ಅಪ್ಪ ಬುತ್ತಿ ಕಟ್ಟಿಕೊಂಡು ಗದ್ದೆಯ ಕಡೆ ಹೋದ ಮೇಲೆ, ಬಿಸಿಲು ನೆತ್ತಿಗೆ ಬಂದಾಗ, ಅಜ್ಜಿ ಆ ಅಗುಳಿ ತೆಗೆಯುತ್ತಿದ್ದಳು. ಹಿಂದೆ ಹುಲ್ಲಿನ ಬಣವೆ. ಅದರಾಚೆ ಬಿದ್ದುಹೋದ ಕೊಟ್ಟಿಗೆಯ ಗೋಡೆ. ಬಣವೆ ಹತ್ತಿಕೊಂಡೀತೆಂದು ಅಪ್ಪ ಅಲ್ಲಿ ಮಾತ್ರ ಬೆಂಕಿ ಇಡುತ್ತಿರಲಿಲ್ಲ. ಆ ಸಂದಿಯಲ್ಲಿ, ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ, ತುಂಬೆ ಬೆಳೆದಿತ್ತು. ಬಿಳಿ ಹೂವಿನ ಕಾಡುತುಂಬೆ, ಯಾರೂ ಬಿತ್ತದ್ದು. ಅಜ್ಜಿ ಅಕ್ಕಿ ತೊಳೆದ ನೀರನ್ನು ಕೊಡಪಾನದಲ್ಲಿ ತುಂಬಿಟ್ಟು ಅದಕ್ಕೆ ಹಾಕುತ್ತಿದ್ದಳು, ಆದ್ದರಿಂದ ಉಳಿದ ಕಡೆ ತುಂಬೆ ಒಣಗಿದ ಮೇಲೂ ಅಲ್ಲಿ ಹೂವಿತ್ತು. ಸುತ್ತ ಎಲ್ಲ ಕೆತ್ತಿ ಸುಟ್ಟಿದ್ದ ಕಾಲದಲ್ಲಿ ಚಿಟ್ಟೆಗಳಿಗೆ ಹೋಗಲು ಬೇರೆ ಎಲ್ಲಿತ್ತು? ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಅಜ್ಜಿ ಅವಕ್ಕೆ ತನ್ನದೇ ಹೆಸರಿಟ್ಟಿದ್ದಳು: ಅರಿಶಿನ ಚಿಟ್ಟೆ, ಬೂದಿ ಚಿಟ್ಟೆ, ಕಿತ್ತಳೆ ಮೈಗೆ ಕಪ್ಪು ಅಂಚಿನ ಹುಲಿಚಿಟ್ಟೆ. ಅರಿಶಿನದ್ದು ಮಳೆಗಾಲದ ತಗಟೆ ಗಿಡದಲ್ಲಿ ಮೊಟ್ಟೆ ಇಡುತ್ತದೆಂದು, ಪಲ್ಯಕ್ಕೆ ಸೊಪ್ಪು ಕೀಳುವಾಗ ಗಿಡದ ಒಂದು ರೆಂಬೆಯನ್ನು ಹಾಗೇ ಬಿಡುತ್ತಿದ್ದಳು. ಹುಲಿಚಿಟ್ಟೆಗೆ ಎಕ್ಕದ ಗಿಡ. ರಥಸಪ್ತಮಿಯಂದು ತಲೆ ಮೇಲೆ, ಭುಜದ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಬೇಕಲ್ಲ, ಅಜ್ಜಿ ಎಲೆ ಕೀಳುವ ಮೊದಲು ಪ್ರತಿಯೊಂದನ್ನೂ ಮಗುಚಿ ನೋಡುತ್ತಿದ್ದಳು; ಕಪ್ಪು ಬಿಳಿ ಹಳದಿ ಪಟ್ಟೆಯ ಹುಳ ಕಂಡರೆ ಆ ಎಲೆ ಮುಟ್ಟುತ್ತಿರಲಿಲ್ಲ.

"ಇದು ಹುಲಿಚಿಟ್ಟೆಯ ಕೂಸು. ಉಣ್ಣಲಿ, ನಾವು ಬೇರೆ ಎಲೆ ತಗಳಣ."

ನನಗೆ ಹೊಸ್ತಿಲವರೆಗೆ ಮಾತ್ರ ಅನುಮತಿ. ಹೊಸ್ತಿಲ ಮೇಲೆ ನಾನು, ಕೆಳಗಿನ ಕಲ್ಲಿನ ಮೇಲೆ ಅಜ್ಜಿ. ಅವಳ ಎಡಗೈ ಮುಷ್ಟಿಯಲ್ಲಿ ಅಕ್ಕಿ, ಮಡಿಲಲ್ಲಿ ಆ ಹಿತ್ತಾಳೆ ಬಟ್ಟಲು. ಚಿಟ್ಟೆಯೊಂದು ಹೂವಿನ ಮೇಲೆ ಕೂತು, ಸುರುಳಿ ನಾಲಿಗೆ ಬಿಚ್ಚಿ ಹೂವಿನೊಳಗೆ ಇಳಿಸಿದರೆ ಅಜ್ಜಿಯ ಬಲಗೈ ಒಂದು ಕಾಳನ್ನು ಬಟ್ಟಲಿಗೆ ಹಾಕುತ್ತಿತ್ತು. ಸುಮ್ಮನೆ ಕೂತು ಹಾರಿದರೆ ಇಲ್ಲ. ಕುಡಿದ ಹೂವಿಗೇ ಮತ್ತೆ ಬಂದರೂ ಇಲ್ಲ. ಇದು ಅಜ್ಜಿ ಕಂಡುಕೊಂಡ ಆಟ ಎಂದು ನಾನು ನಂಬಿದ್ದೆ. ನನ್ನೊಡನೆ ಆಡಲು ಯಾರೂ ಇಲ್ಲವೆಂದು ನನಗಾಗಿ ಮಾಡಿದ ಆಟ. ನಾನೂ ಕೂಗುತ್ತಿದ್ದೆ.

"ಅಜ್ಜೀ, ಆ ಮೂಲೇಲಿ! ಕುಡೀತು, ಕುಡೀತು!"

"ಕಿರಚಬ್ಯಾಡ, ಓಡ್ತದೆ. ಕಂಡೆ."

"ಜೇನು ಕೂತಿದ್ದು ಲೆಕ್ಕಕ್ಕಿಲ್ವಾ?"

"ಜೇನು ಮನೆಗೆ ಹೊತ್ಕೊಂಡು ಹೋಗ್ತದೆ. ಚಿಟ್ಟೆ ಎಂತ ಇಟ್ಕೊಳ್ತದೆ? ಅದು ಕುಡಿದ್ರೆ ಕೊಟ್ಟಂಗೆ."

ಯಾರಿಗೆ ಕೊಟ್ಟ ಹಾಗೆ ಎಂದು ನಾನು ಕೇಳಲಿಲ್ಲ. ಒಮ್ಮೆ ಅಜ್ಜಿ ನೀರು ತರಲು ಒಳಗೆ ಹೋದಾಗ ಬಿಳಿ ಗೆರೆ ದಾಟಿ ಓಡಿ, ಒಂದು ಹೂವು ಕಿತ್ತು ಬುಡದ ಜೇನು ಚೀಪಿದೆ. ಊರ ಮಕ್ಕಳೆಲ್ಲ ಮಾಡುವುದು. ಅಜ್ಜಿ ನೋಡಿದಳು. ಕೊಡಪಾನ ಅಲ್ಲೇ ಬಿಟ್ಟು ಬಂದು ನನ್ನ ಕೈಮೇಲೆ ಹೊಡೆದಳು. ಅದಕ್ಕೂ ಮುಂಚೆ, ಅದಾದ ಮೇಲೆ, ಅವಳು ನನಗೆ ಹೊಡೆದದ್ದಿಲ್ಲ. ಆಮೇಲೆ ನನ್ನ ಬಾಯಿಂದ ಆ ಹೂವನ್ನು ತೆಗೆದು, ಅಂಗೈಯಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಳು.

ಮಂಜಕ್ಕ ಆ ಜಾಗ ಕಂಡುಕೊಂಡದ್ದು ಒಂದು ಸೋಮವಾರ. ಅವಳ ಮನೆಯ ದೇವರಿಗೆ ತುಂಬೆ ಬೇಕಿತ್ತು, ಊರಲ್ಲೆಲ್ಲ ಒಣಗಿತ್ತು. ಕೊಟ್ಟಿಗೆಯ ಮುರುಕು ಗೋಡೆ ಹತ್ತಿ ಇಳಿದು, ಸೆರಗು ಒಡ್ಡಿ, ಪರಪರನೆ ಬಿಡಿಸತೊಡಗಿದ್ದಳು. ಅಜ್ಜಿ ಕಂಡಳು. ನಾನು ಅಜ್ಜಿಯ ಗಂಟಲು ಅಷ್ಟು ಏರಿದ್ದನ್ನು ಕೇಳಿರಲಿಲ್ಲ.

"ಮಂಜೀ! ಬಿಡು ಅದನ್ನ! ಒಂದು ಹೂ ಕಿತ್ರೆ ಕೈ ಮುರೀತೀನಿ!"

"ಅಯ್ಯ, ಇದೆಂತ ಮಾರಾಯ್ತಿ! ಕಾಡಲ್ಲಿ ಹುಟ್ಟೋ ಕಳೆಗೆ ಕಾವಲು ಕೂತಿದೀರ? ಇಷ್ಟು ಹೂ ಬಿಟ್ಕೊಂಡು ದೇವರಿಗೆ ಅಕ್ಕಿ ಹಾಕ್ತೀರಲ್ಲ, ನಾಚ್ಕೆ ಆಗಲ್ವಾ?"

"ಬಿಡು ಅಂದೆ."

"ಬಿಡ್ತೀನಿ ಬಿಡಿ, ನಿಮ್ಮ ಹೂವು ನಿಮಗೇ ಇರಲಿ. ಲಕ್ಷ ತುಂಬೆ ಅಂತ ಹರಕೆ ಹೊತ್ತೋರು ನೀವು, ಸೆರಗು ಕಟ್ಕೊಂಡು ಕಾಡಂಚಿಗೆ ಹೋಗಿ ಹೆಣ ಆದೋಳು ಆ ಪಾಪದ ಹುಡುಗಿ. ಮಗೂನ ಉಳಿಸ್ಕೊಳಕ್ಕೆ ತಾಯಿನ ಕಳ್ಕೊಂಡ್ರಿ. ನಂಗೆ ಹೇಳ್ಬ್ಯಾಡಿ."

ಹೇಳಿದ ಕೂಡಲೇ ಮಂಜಕ್ಕ ಹೊಸ್ತಿಲ ಮೇಲಿದ್ದ ನನ್ನನ್ನು ನೋಡಿದಳು. ಅವಳ ಸೆರಗು ಜಾರಿ ಹೂವು ಚೆಲ್ಲಿತು. ಅವಳು ಕೆಟ್ಟವಳಲ್ಲ, ಬಾಯಿಗೆ ಅಗುಳಿ ಇರಲಿಲ್ಲ ಅಷ್ಟೇ. ಅಷ್ಟರಲ್ಲಿ ಗದ್ದೆಯಿಂದ ಬರುತ್ತಿದ್ದ ಅಪ್ಪ ಗಲಾಟೆ ಕೇಳಿ ಬಣವೆ ಸುತ್ತಿ ಬಂದರು. ಕೈಯಲ್ಲಿ ಕುಡುಗೋಲಿತ್ತು. ಮಂಜಕ್ಕ ಬಂದ ಗೋಡೆಯನ್ನೇ ಹತ್ತಿ ಹೋದಳು. ಅಪ್ಪ ತುಂಬೆಯನ್ನು ನೋಡಿದರು, ಒದ್ದೆ ನೆಲವನ್ನು ನೋಡಿದರು, ಕೊಡಪಾನವನ್ನು ನೋಡಿದರು.

"ಅಮ್ಮಾ, ಇದನ್ನ ಯಾರು ಬೆಳೆಸಿದ್ದು?"

"ತಾನೇ ಹುಟ್ಟಿದ್ದು ತಮ್ಮಾ."

"ನೀರು ತಾನೇ ಬಂತಾ?"

ಅಜ್ಜಿ ಗಿಡಗಳಿಗೂ ಅಪ್ಪನಿಗೂ ನಡುವೆ ಬಂದು ನಿಂತಳು.

"ಒಬ್ಬಳನ್ನ ತಗೊಂಡಿದ್ದು ಸಾಲದಾ ಈ ಹೂವಿಗೆ? ಅಮ್ಮಾ, ಸರಿ ಆಚೆ."

"ಅವಳು ಹೋಗಿದ್ದು ಹೂವಿಂದ ಅಲ್ಲ, ನನ್ನ ಬಾಯಿಂದ. ಈ ಕೂಸು ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ಲಕ್ಷ ಕೊಡ್ತೀನಿ ಅಂದೆ. ಅರ್ಧದಷ್ಟು ಅವಳೇ ಬಿಡಿಸಿ ತಂದು ಕೊಟ್ಟು ಹೋದ್ಲು. ಇನ್ನು ಹೂ ಕೀಳಕ್ಕೆ ನನ್ನ ಕೈ ಏಳಲ್ಲ ತಮ್ಮಾ. ಅದಕ್ಕೆ, ಚಿಟ್ಟೆ ಕುಡಿದ ಹೂವು ಅವನಿಗೆ ಕೊಟ್ಟಂಗೆ ಅಂತ ಅವನ ಹತ್ರ ಹೇಳ್ಕೊಂಡಿದೀನಿ. ಹೂವಿಗೊಂದು ಕಾಳು ಇಡ್ತಿದೀನಿ. ಗಡಿಗೆ ನೋಡು ಬೇಕಾದ್ರೆ. ನಡುವೆ ಬಿಟ್ರೆ ಇವಳನ್ನ ಕೇಳ್ತಾನೆ."

"ದೇವರು ಕೇಳ್ತಾನೋ ಇಲ್ವೋ ನಂಗೊತ್ತಿಲ್ಲ. ಉಣುಗು ಕೇಳಲ್ಲ ಅಮ್ಮಾ. ಅದು ಕೇಳಲ್ಲ."

ಅವರಿಬ್ಬರೂ ನನ್ನ ಪ್ರಾಣದ ಬಗ್ಗೆಯೇ ಮಾತಾಡುತ್ತಿದ್ದರು, ಆದರೆ ಒಬ್ಬರೂ ನನ್ನತ್ತ ತಿರುಗಲಿಲ್ಲ. ಅಷ್ಟು ವರ್ಷ ಊಟದ ಹೊತ್ತಿನಲ್ಲಿ ಅವರ ನಡುವೆ ಇದ್ದದ್ದು ನಾನೇ ಎಂದು ಆಗ ತಿಳಿಯಿತು. ಹೊಸ್ತಿಲ ಮೇಲೆ ಕೂತ ನಾನು ಚೆಲ್ಲಿದ ಹೂವುಗಳನ್ನು ನೋಡುತ್ತಿದ್ದೆ. ಒಂದು ಬೂದಿ ಚಿಟ್ಟೆ ನೆಲಕ್ಕೆ ಬಿದ್ದ ಹೂವಿನ ಮೇಲೆ ಕೂತಿತು. ಇದು ಲೆಕ್ಕಕ್ಕೆ ಬರುತ್ತದಾ ಎಂದು ಕೇಳಬೇಕೆನಿಸಿತು. ಕೊನೆಗೆ ಅಪ್ಪ ಕುಡುಗೋಲನ್ನು ಬಣವೆಗೆ ಸಿಕ್ಕಿಸಿದರು.

"ಹೂವು ಇರಲಿ. ಹಂಗಾದ್ರೆ ಮಗು ಇಲ್ಲಿರೋದು ಬ್ಯಾಡ."

ನಾನು ಕಾನ್ವೆಂಟ್ ಸೇರಿದ್ದು ಹೀಗೆ. ಹಳ್ಳಿಯ ರೈತನೊಬ್ಬ ಆ ಕಾಲದಲ್ಲಿ ಮಗಳನ್ನು ಇಂಗ್ಲಿಷ್ ಕಲಿಸಲು ಶಿವಮೊಗ್ಗದ ಹಾಸ್ಟೆಲಿಗೆ ಹಾಕಿದನಲ್ಲ, ಎಷ್ಟು ಪ್ರೋಗ್ರೆಸಿವ್ ಎಂದು ಮುಂದೆ ನನ್ನ ಸಹೋದ್ಯೋಗಿಗಳು ಹೊಗಳುತ್ತಿದ್ದರು. ನಾನು ತಿದ್ದಲಿಲ್ಲ. ಹಾಸ್ಟೆಲಿನ ಮೊದಲ ಸಂಜೆ ದೀಪ ಹಾಕಿದಾಗ, ಉದ್ದನೆಯ ಡಾರ್ಮಿಟರಿಯಲ್ಲಿ ಎಲ್ಲ ಹುಡುಗಿಯರೂ ಪ್ರೇಯರ್‌ಗೆ ನಿಂತಿದ್ದರೆ ನಾನು ಮಂಚದ ಮೇಲೆ ಕೂತು, ಫ್ರಾಕನ್ನು ಮಂಡಿಯವರೆಗೆ ಎತ್ತಿ, ಹತ್ತಿರ ಬಂದ ಸಿಸ್ಟರ್ ಕಡೆ ಎರಡೂ ಕಾಲು ಚಾಚಿದೆ. ಅವರು ಬಗ್ಗಿ ನೋಡಿದರು.

"ಏನಾಯ್ತು ಚೈಲ್ಡ್? ನೋವಾಗಿದೆಯಾ?"

ನಾನು ಕಾಲನ್ನು ಇನ್ನಷ್ಟು ಮುಂದೆ ಚಾಚಿದೆ. ಸಿಸ್ಟರ್ ನನ್ನ ಫ್ರಾಕನ್ನು ಕೆಳಗೆಳೆದು ಸರಿಮಾಡಿ, ತಲೆ ನೇವರಿಸಿ ಮುಂದಿನ ಮಂಚಕ್ಕೆ ಹೋದರು. ಒಳ್ಳೆಯವರು. ಅಲ್ಲಿನ ತೋಟದಲ್ಲಿ ಕ್ರೋಟನ್ ಇತ್ತು, ಕಾಬಾಳೆ ಇತ್ತು, ಅಂಚು ಕತ್ತರಿಸಿದ ಹುಲ್ಲಿತ್ತು. ತುಂಬೆಯ ಸಸಿ ತಲೆ ಎತ್ತಿದರೆ ಮಾಲಿ ಆ ದಿನವೇ ಕೀಳುತ್ತಿದ್ದ. 'ವೀಡ್' ಎಂಬ ಪದ ನಾನು ಕಲಿತದ್ದು ಅಲ್ಲೇ. ರಜೆಯಲ್ಲೂ ಅಪ್ಪ ನನ್ನನ್ನು ಉಣುಗಿನ ಕಾಲಕ್ಕೆ ಮನೆಗೆ ಕರೆಸುತ್ತಿರಲಿಲ್ಲ. ಬೇಸಿಗೆ ರಜೆಗೆ ಶಿಕಾರಿಪುರದಲ್ಲಿ ಅವ್ವನ ತವರಿಗೆ ಬಿಡುತ್ತಿದ್ದರು. ಅಲ್ಲಿ ಎಲ್ಲರೂ ಪಾತರಗಿತ್ತಿ ಎಂದೇ ಅನ್ನುತ್ತಿದ್ದರು, ಕೂಗಿ, ನಕ್ಕು, ಯೋಚಿಸದೆ. ನನ್ನ ಗುಟ್ಟಿನ ಪದ ಸಂತೆಗೆ ಬಿದ್ದ ಹಾಗಾಗಿ ಆ ಆಸ್ತಿಯೂ ಕರಗಿತು. ಮನೆಗೆ ಹೋಗುತ್ತಿದ್ದುದು ದಸರೆಗೆ ಮಾತ್ರ. ಆಗ ಅಜ್ಜಿಯೊಂದಿಗೆ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಅವಳ ಕಣ್ಣು ಮಂಜಾಗುತ್ತಿತ್ತು. ಚಿಟ್ಟೆ ಕುಡಿಯಿತೋ ಸುಮ್ಮನೆ ಕೂತಿತೋ ಎಂದು ನನ್ನನ್ನೇ ಕೇಳುತ್ತಿದ್ದಳು. ಅಪ್ಪ ಆ ಹೊತ್ತಿಗೆ ಸರಿಯಾಗಿ ಎಲ್ಲಾದರೂ ಹೊರಟುಬಿಡುತ್ತಿದ್ದರು.

ಈಗ ನಾನು ಶಿಕಾರಿಪುರದಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೇನೆ. ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವಳು, ಮದುವೆ ಎಂಬುದು ಯಾಕೋ ಕೂಡಿಬರಲಿಲ್ಲ. ಟೆರೇಸಿನ ಒಡಕು ಬಕೆಟ್ಟಿನಲ್ಲಿ ತುಂಬೆ ತಾನಾಗಿ ಹುಟ್ಟಿದೆ. ಓನರ್ ಮನೆಯ ಸೊಸೆ ಬಟ್ಟೆ ಒಣಹಾಕಲು ಬಂದಾಗ, "ಆಂಟೀ, ಇದು ಕಳೆ ಅಲ್ವೇನ್ರೀ, ಗುಲಾಬಿ ತಂದ್ಕೊಡ್ಲಾ?" ಎನ್ನುತ್ತಾಳೆ. ಬೇಡಮ್ಮ ಎನ್ನುತ್ತೇನೆ. ನೀರಿನ ಟ್ಯಾಂಕು, ಡಿಶ್‌ಗಳ ನಡುವೆ ದಾರಿ ಹುಡುಕಿಕೊಂಡು ಅಪರೂಪಕ್ಕೆ ಒಂದು ಚಿಟ್ಟೆ ಬರುತ್ತದೆ. ಬಂದ ದಿನ ನಾನು ಅದರ ಬಗ್ಗೆ ಯಾರಿಗಾದರೂ ಹೇಳಬೇಕೆಂದು ಮೊಬೈಲ್ ಕೈಗೆತ್ತಿಕೊಳ್ಳುತ್ತೇನೆ. ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ, ಮತ್ತೆ ಇಟ್ಟುಬಿಡುತ್ತೇನೆ.

ಅಜ್ಜಿ ಹೋದದ್ದು ಸುಗ್ಗಿ ಮುಗಿದ ಕಾಲದಲ್ಲಿ, ಅಂದರೆ ಅಪ್ಪ ನನ್ನನ್ನು ಮನೆಯ ಹತ್ತಿರ ಬಿಟ್ಟುಕೊಳ್ಳದ ಕಾಲ. ಆದರೂ ಹಾಸ್ಟೆಲಿಗೆ ತಾವೇ ಬಂದು ಕರೆದುಕೊಂಡು ಹೋದರು. ನಾನಾಗ ಹೈಸ್ಕೂಲು, ಲಂಗ ದಾವಣಿಯ ವಯಸ್ಸು. ಬಸ್ಸಿನಲ್ಲಿ ಅವರು ಮಾತಾಡಿದ್ದು ಒಂದೇ: ಅಜ್ಜಿಗೆ ಹೋದ ದಸರೆಯಿಂದ ಈಚೆ ಕಣ್ಣು ಏನೂ ಕಾಣುತ್ತಿರಲಿಲ್ಲ ಎಂದು. ಹಾಗಾದರೆ ತುಂಬೆಯ ಹತ್ತಿರ ಕೂರುವುದು ನಿಂತುಹೋಗಿರಬೇಕು, ಗಡಿಗೆ ಅಲ್ಲಿಗೇ ನಿಂತಿರಬೇಕು ಎಂದುಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಷ್ಟು ಓದಿದ ಮೇಲೂ ನನಗೆ ಭಯವಾಯಿತು. ಅಂತ್ಯಕ್ರಿಯೆಯೆಲ್ಲ ಮುಗಿದು, ಬಂದವರು ಹೋಗಿ, ಸೂತಕದ ಮನೆ ಖಾಲಿಯಾದಾಗ ಗೂಡಿನ ಹತ್ತಿರ ಹೋದೆ. ಪೂಜೆ ಇಲ್ಲದ ದಿನಗಳು, ಈಶ್ವರನ ಮೈ ಒಣಗಿತ್ತು. ಆದರೆ ಹಿತ್ತಾಳೆ ಬಟ್ಟಲಲ್ಲಿ ಅಕ್ಕಿ ಇತ್ತು. ಗಡಿಗೆಯ ಬಟ್ಟೆ ಬಿಚ್ಚಿದೆ. ದಸರೆಯಲ್ಲಿ ನಾನು ಕಂಡದ್ದಕ್ಕಿಂತ ಅಕ್ಕಿ ಮೇಲೆ ಬಂದಿತ್ತು. ಹಿತ್ತಿಲ ಬಾಗಿಲಿನ ಅಗುಳಿ ತೆಗೆದು ನೋಡಿದೆ. ಬಣವೆಯ ಹಿಂದೆ ತುಂಬೆಯ ಬುಡ ಒದ್ದೆಯಾಗಿತ್ತು. ಕಲ್ಲಿನ ಸುತ್ತ, ಅಜ್ಜಿ ಕೂರುತ್ತಿದ್ದ ಜಾಗಕ್ಕೆ, ಬಿಳಿ ಪುಡಿಯ ಒಂದು ಪುಟ್ಟ ವೃತ್ತ ಎಳೆದಿತ್ತು. ಒಬ್ಬರು ಕಾಲು ಮಡಿಸಿ ಕೂರುವಷ್ಟು. ಆ ವೃತ್ತ ಗಿಡಗಳಿಂದ ದೂರ ಸರಿದಿತ್ತು, ಚಿಟ್ಟೆಗೆ ತಾಗದ ಹಾಗೆ.

ಆ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಲಾಟೀನು ತಂದರು. ನನ್ನನ್ನು ನೋಡಿದರು, ನಾನು ದೊಡ್ಡವಳಾಗಿದ್ದೆ. ಏನು ಮಾಡುವುದೆಂದು ತಿಳಿಯದವರ ಹಾಗೆ ನಿಂತು, ಲಾಟೀನನ್ನು ನನ್ನೆದುರು ಇಟ್ಟು, ಮುಖ ಬೇರೆ ಕಡೆ ತಿರುಗಿಸಿ ಹೇಳಿದರು.

"ಹಿತ್ತಿಲಿಗೆ ಹೋಗಿದ್ದೆ ಅಲ್ವಾ. ಕಾಲು ನೀನೇ ಸರಿಯಾಗಿ ನೋಡ್ಕೋ."

ಲಾಟೀನಿನ ಬತ್ತಿ ಏರಿಸಲು ಅವರು ಬಗ್ಗಿದಾಗ ಅಂಗಿಯ ಜೇಬಿನಿಂದ ಏನೋ ಸುರಿಯಿತು. ನೆಲದ ಮೇಲೆ ಅಕ್ಕಿಕಾಳು. ಕೆಲವು ಉರುಳಿ, ಮಧ್ಯಾಹ್ನ ಬಂದವರಿಗೆ ಅನ್ನ ಮಾಡಲೆಂದು ತಂದಿಟ್ಟಿದ್ದ ಅಕ್ಕಿಯ ಮೊರದವರೆಗೆ ಹೋದವು. ನಾನು ಬಾಚಿ ಮೊರಕ್ಕೆ ಹಾಕಲು ಕೈ ಚಾಚಿದೆ. ಅಪ್ಪ ನನ್ನ ಮುಂಗೈ ಹಿಡಿದರು.

"ಬ್ಯಾಡ, ಬೆರೆಸಬ್ಯಾಡ. ಅವು ಎಣಿಸಿದವು."

ಇಬ್ಬರೂ ಮಂಡಿಯೂರಿ, ಲಾಟೀನು ಹತ್ತಿರ ಎಳೆದುಕೊಂಡು, ಒಂದೊಂದೇ ಕಾಳು ಹೆಕ್ಕಿ ಬಟ್ಟಲಿಗೆ ಹಾಕಿದೆವು. ಎಲ್ಲ ಸಿಕ್ಕಿತೆಂದು ಖಾತ್ರಿಯಾಗುವವರೆಗೆ ಅಪ್ಪ ಅಂಗೈಯಿಂದ ನೆಲ ತಡವಿದರು. ಆಮೇಲೆ ಎದ್ದು ಹೋಗಲಿಲ್ಲ. ಮಣೆ ಎಳೆದುಕೊಂಡು ಕೂತರು.

"ಕಾಲು ಕೊಡು."